ಟ್ಯೂಬಿನ ದೃಷ್ಟಿಬೊಟ್ಟು

ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ, ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಬಚ್ಚಲಿನಿಂದ ಅವ್ವ ಟೂಥ್‌ಪೇಸ್ಟಿನ ಟ್ಯೂಬೊಂದನ್ನು ಸತ್ತ ಜಿರಳೆಯನ್ನು ಹಿಡಿದಂತೆ ಎರಡು ಬೆರಳುಗಳ ತುದಿಯಲ್ಲಿ ಹಿಡಿದು ತಂದು, ನಾನು ಓದುತ್ತಿದ್ದ ಪತ್ರಿಕೆಯ ಮೇಲೆ ಇಟ್ಟಳು. “ಇದರ ಬುಡಕ್ಕ ಕರಿ ಪಟ್ಟಿ ಐತಿ ನೋಡಪಾ. ಕರಿ ಪಟ್ಟಿ ಇದ್ದದ್ದು ಪೂರಾ ಕೆಮಿಕಲ್ ಅಂತ. ಇದನ್ನ ಕೂಸಿನ ಬಾಯಾಗ ಹಾಕ್ತೀರಲ್ಲ, ನೀವೇನು ಓದಿದವರೋ ಏನೋ” ಎಂದಳು. ಕೂಸು ಎಂದರೆ ನನ್ನ ನಾಲ್ಕು ವರ್ಷದ ಮೊಮ್ಮಗಳು. ಅವ್ವನ ಕೈಯಲ್ಲಿದ್ದ ಫೋನಿನಲ್ಲಿ ನಮ್ಮ ಊರಿನವರ ವಾಟ್ಸಾಪ್ ಗುಂಪಿಗೆ ಬಂದ ಸಂದೇಶ ಇನ್ನೂ ತೆರೆದೇ ಇತ್ತು. ಹಸಿರು ಪಟ್ಟಿ ಇದ್ದರೆ ಪೂರ್ತಿ ನೈಸರ್ಗಿಕ, ನೀಲಿ ಇದ್ದರೆ ನೈಸರ್ಗಿಕದ ಜೊತೆಗೆ ಔಷಧಿ, ಕೆಂಪು ಇದ್ದರೆ ನೈಸರ್ಗಿಕದ ಜೊತೆಗೆ ರಾಸಾಯನಿಕ, ಕಪ್ಪು ಇದ್ದರೆ ಬರೀ ರಾಸಾಯನಿಕ; ಮುಖಕ್ಕೆ ಹಚ್ಚುವ ಕ್ರೀಮಿನ ಟ್ಯೂಬಿಗೂ ಇದೇ ಲೆಕ್ಕ; ಕಂಪನಿಗಳು ಈ ಗುಟ್ಟನ್ನು ನಿಮಗೆ ಹೇಳುವುದಿಲ್ಲ, ಎಲ್ಲರಿಗೂ ಕಳಿಸಿ.

ಈ ಸಂದೇಶ ಹೊಸದೇನಲ್ಲ. ಭಾಷೆ ಬದಲಾಯಿಸಿಕೊಂಡು ಜಗತ್ತನ್ನು ಎಷ್ಟು ಸಲ ಸುತ್ತಿದೆಯೋ ಲೆಕ್ಕವಿಲ್ಲ. ಇದು ಸುಳ್ಳೆಂದು ಕೋಲ್ಗೇಟ್ ಕಂಪನಿಯೇ ತನ್ನ ಜಾಲತಾಣದಲ್ಲಿ ಬರೆದಿದೆ. ಆದರೆ ಗುಟ್ಟು ಮುಚ್ಚಿಟ್ಟವರು ಯಾರೆಂದು ಸಂದೇಶ ಹೇಳುತ್ತಿದೆಯೋ ಅವರೇ ಬಂದು ಗುಟ್ಟಿಲ್ಲ ಎಂದರೆ ನಂಬುವವರು ಯಾರು? ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಅಂಬರನಾಥದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟ್ಯೂಬಿಗೆ ಪೇಸ್ಟ್ ಮತ್ತು ಕ್ರೀಮು ತುಂಬುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದವನು ನಾನು. ಆ ಪಟ್ಟಿಯ ಹಿಂದೆ ಬಿದ್ದು ನಿದ್ದೆಗೆಟ್ಟ ರಾತ್ರಿಗಳು ನನ್ನ ಲೆಕ್ಕದಲ್ಲಿ ಸಾಕಷ್ಟಿವೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅದು ಏನೆಂದು ಮನೆಯವರಿಗೆ ಹೇಳಿರಲಿಲ್ಲ. ಹೇಳಬೇಕಾದ ವಿಷಯ ಎಂದು ಅನ್ನಿಸಿಯೇ ಇರಲಿಲ್ಲ.

ಮಾತಿನಲ್ಲಿ ವಾದ ಮಾಡಿದರೆ ಅವ್ವ ಒಪ್ಪುವವಳಲ್ಲ ಎಂದು ಗೊತ್ತಿದ್ದರಿಂದ, ಮನೆಯಲ್ಲಿದ್ದ ಟ್ಯೂಬುಗಳನ್ನೆಲ್ಲ ತಂದು ಹಾಸುಗಲ್ಲಿನ ಮೇಲೆ ಸಾಲಾಗಿ ಜೋಡಿಸಿದೆ. ಒಟ್ಟು ಏಳು ಸಿಕ್ಕವು: ನಮ್ಮ ಪೇಸ್ಟು, ಮೊಮ್ಮಗಳದು, ಹೆಂಡತಿಯ ಮುಖ ತೊಳೆಯುವ ಜೆಲ್, ಒಡೆದ ಹಿಮ್ಮಡಿಗೆ ಹಚ್ಚುವ ಮುಲಾಮು, ಮಗನ ಶೇವಿಂಗ್ ಕ್ರೀಮು, ಆಯುರ್ವೇದದ ಹೆಸರಿನ ಒಂದು ಪೇಸ್ಟು, ಮತ್ತು ಊರಿಗೆ ಹೋಗುವಾಗ ಚೀಲದಲ್ಲಿ ಹಾಕಿಕೊಳ್ಳುವ ಒಂದು ಸಣ್ಣ ಪೇಸ್ಟು. ಈ ಸಣ್ಣದು ನಾವು ದಿನವೂ ಬಳಸುವ ದೊಡ್ಡ ಟ್ಯೂಬಿನದೇ ಪೇಸ್ಟು. ಹೆಸರು ಅದೇ, ಹಿಂದೆ ಅಚ್ಚಾದ ಘಟಕಗಳ ಪಟ್ಟಿ ಅಕ್ಷರಶಃ ಅದೇ. ದೊಡ್ಡದರ ಬುಡದಲ್ಲಿ ಕಪ್ಪು ಪಟ್ಟಿ ಇತ್ತು, ಸಣ್ಣದರ ಬುಡದಲ್ಲಿ ಕೆಂಪು. ಅವ್ವ ಎರಡನ್ನೂ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು. ಆಯುರ್ವೇದದ ಪೇಸ್ಟಿನ ಬುಡವನ್ನು ತಿರುಗಿಸಿದಾಗ ಅಲ್ಲಿಯೂ ಕಪ್ಪೇ ಕಂಡಿತು. ಅಡುಗೆಮನೆಯಿಂದ ಬಿಸ್ಕತ್ತಿನ ಪೊಟ್ಟಣ ತಂದು ಅದರ ಬೆನ್ನಿನ ಅಂಟುಪಟ್ಟಿಯನ್ನು ಬಿಡಿಸಿ ತೋರಿಸಿದೆ. ಅದರ ಅಂಚಿನಲ್ಲಿಯೂ ಹೆಬ್ಬೆರಳಿನ ಉಗುರಿನಷ್ಟು ಅಗಲದ ಕಡುಬಣ್ಣದ ಒಂದು ಚೌಕ ಇತ್ತು. “ಹಂಗಾರ ಬಿಸ್ಕೀಟೂ ಕೆಮಿಕಲ್ಲೇನು?” ಎಂದು ಅವಳೇ ಕೇಳಿದಳು, ಮತ್ತು ಅವಳೇ ನಕ್ಕಳು.

ಟ್ಯೂಬಿಗೆ ಪೇಸ್ಟ್ ತುಂಬುವುದು ಎಲ್ಲಿಂದ ಎಂದು ಕೇಳಿದರೆ ಬಹಳ ಜನ ಮುಚ್ಚಳದ ಕಡೆ ಬೆರಳು ತೋರಿಸುತ್ತಾರೆ. ಅದು ಹಾಗಲ್ಲ. ಕಾರ್ಖಾನೆಗೆ ಬರುವ ಖಾಲಿ ಟ್ಯೂಬಿಗೆ ಮುಚ್ಚಳ ಆಗಲೇ ಬಿಗಿದಿರುತ್ತದೆ, ಬುಡ ತೆರೆದಿರುತ್ತದೆ. ನಾವು ಅದನ್ನು ಮುಚ್ಚಳ ಕೆಳಗಾಗುವಂತೆ ಯಂತ್ರದ ಬಟ್ಟಲಿನಲ್ಲಿ ನಿಲ್ಲಿಸುತ್ತೇವೆ. ಮೇಲಿನಿಂದ ನಳಿಗೆ ಇಳಿದು ಪೇಸ್ಟನ್ನು ತುಂಬುತ್ತದೆ, ಬಿಸಿಗಾಳಿ ತೆರೆದ ಬಾಯಿಯ ಒಳಗೋಡೆಯನ್ನು ಮೆತ್ತಗೆ ಮಾಡುತ್ತದೆ, ಎರಡು ಲೋಹದ ದವಡೆಗಳು ಬಂದು ಅದನ್ನು ಚಪ್ಪಟೆಯಾಗಿ ಒತ್ತಿ ಮುಚ್ಚುತ್ತವೆ, ಒತ್ತುವಾಗಲೇ ಬ್ಯಾಚ್ ಸಂಖ್ಯೆ ಮೂಡುತ್ತದೆ, ಕೊನೆಗೆ ಕತ್ತಿ ಬಂದು ಹೆಚ್ಚಿನ ಅಂಚನ್ನು ಸವರುತ್ತದೆ. ಆದರೆ ಬಟ್ಟಲಿನಲ್ಲಿ ನಿಂತ ಟ್ಯೂಬು ದುಂಡಗಿರುತ್ತದೆ. ದುಂಡಗಿದ್ದ ವಸ್ತುವಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಹೇಗೆ ನಿಂತಿದೆಯೋ ಹಾಗೆಯೇ ಒತ್ತಿಬಿಟ್ಟರೆ ಹೆಸರು ಅರ್ಧ ಈ ಮುಖಕ್ಕೆ, ಅರ್ಧ ಆ ಮುಖಕ್ಕೆ ಹಂಚಿಹೋಗುತ್ತದೆ. ಆದ್ದರಿಂದ ನಳಿಗೆ ಇಳಿಯುವ ಮುನ್ನ ಒಂದು ಸಣ್ಣ ಮೋಟಾರು ಪ್ರತಿ ಟ್ಯೂಬನ್ನೂ ನಿಂತಲ್ಲೇ ತಿರುಗಿಸುತ್ತದೆ, ಪಕ್ಕದಲ್ಲಿರುವ ಸೆನ್ಸರು ಅದರ ಮೇಲೆ ಬೆಳಕಿನ ಚುಕ್ಕೆಯೊಂದನ್ನು ಬಿಟ್ಟು ನೋಡುತ್ತಿರುತ್ತದೆ, ಬುಡದ ಆ ಪಟ್ಟಿ ಬೆಳಕಿನ ಎದುರು ಬಂದ ಕ್ಷಣ ತಿರುಗಾಟ ನಿಲ್ಲುತ್ತದೆ. ಈಗ ಟ್ಯೂಬಿನ ಮುಖ ಯಾವ ಕಡೆಗಿದೆ ಎಂದು ಯಂತ್ರಕ್ಕೆ ತಿಳಿಯಿತು. ನಮ್ಮ ಯಂತ್ರ ನಿಮಿಷಕ್ಕೆ ಅರವತ್ತು ಟ್ಯೂಬು ತುಂಬುತ್ತಿತ್ತು. ಹಾಗಾಗಿ ಈ ಹುಡುಕಾಟಕ್ಕೆ ಇರುತ್ತಿದ್ದ ಸಮಯ ಒಂದು ಸೆಕೆಂಡಿಗಿಂತಲೂ ಕಡಿಮೆ.

ಪಟ್ಟಿಗೆ ನಾವು ಕರೆಯುತ್ತಿದ್ದ ಹೆಸರು ಐ-ಮಾರ್ಕ್, ಅಂದರೆ ಕಣ್ಣಿನ ಗುರುತು. ಮರಾಠಿ ಫಿಟರುಗಳಿಗೆ ಸೆನ್ಸರೇ ‘ಡೋಳಾ’, ಅಂದರೆ ಕಣ್ಣು. ‘ಡೋಳಾ ಒರೆಸು, ಡೋಳಾಕ್ಕೆ ಪೇಸ್ಟ್ ಸಿಡಿದಿದೆ’ ಎನ್ನುವುದು ಪ್ರತಿ ಪಾಳಿಯಲ್ಲೂ ಕೇಳುವ ಮಾತು. ಬಿಸ್ಕತ್ತು, ಚಿಪ್ಸು, ಶಾಂಪೂ ಸ್ಯಾಶೆಗಳ ಕೆಲಸದಲ್ಲಿ ಹೊದಿಕೆ ಸುರುಳಿಯಾಗಿ ಬರುತ್ತದೆ. ಅಲ್ಲಿ ಇದೇ ಗುರುತು ಎಲ್ಲಿ ಕತ್ತರಿಸಬೇಕು, ಎಲ್ಲಿ ಬೆಸೆಯಬೇಕು ಎಂದು ಹೇಳುತ್ತದೆ. ಸುರುಳಿ ಓಡುತ್ತ ಓಡುತ್ತ ಕೂದಲೆಳೆಯಷ್ಟು ಹಿಗ್ಗುತ್ತದೆ. ಪೊಟ್ಟಣಕ್ಕೊಂದರಂತೆ ಗುರುತು ಇಲ್ಲದೆ ಬರೀ ಅಳತೆಯ ಮೇಲೆ ಕತ್ತರಿಸುತ್ತ ಹೋದರೆ, ನೂರನೆಯ ಪೊಟ್ಟಣದ ಹೊತ್ತಿಗೆ ಹೆಸರಿನ ನೆತ್ತಿಯ ಮೇಲೆ ಕತ್ತಿ ಬಿದ್ದಿರುತ್ತದೆ.

ಹಾಗಾದರೆ ಬಣ್ಣ ಬೇರೆ ಬೇರೆ ಏಕೆ? ಕಾರಣ ಎಷ್ಟು ಸಾದಾ ಎಂದರೆ ಹೇಳಿದಾಗ ಜನರಿಗೆ ನಿರಾಸೆಯಾಗುತ್ತದೆ. ಟ್ಯೂಬಿನ ಚಿತ್ರಕ್ಕೆ ಯಾವ ಶಾಯಿಗಳನ್ನು ಹೇಗೂ ಬಳಸುತ್ತಿದ್ದಾರೋ ಅವುಗಳಲ್ಲಿ ಹಿನ್ನೆಲೆಗೆ ಎದ್ದುಕಾಣುವ ಒಂದನ್ನು ಪಟ್ಟಿಗೂ ಬಳಸುತ್ತಾರೆ. ಪಟ್ಟಿಗಾಗಿಯೇ ಇನ್ನೊಂದು ಶಾಯಿ ತಂದರೆ ಖರ್ಚು. ಬಿಳಿ ಟ್ಯೂಬಿನ ಮೇಲೆ ಕೆಂಪು ಹೆಸರಿದ್ದರೆ ಪಟ್ಟಿ ಕೆಂಪಾಗಬಹುದು, ಬೇವಿನೆಲೆಯ ಚಿತ್ರವಿದ್ದರೆ ಹಸಿರಾಗಬಹುದು, ಘಟಕಗಳ ಪಟ್ಟಿಯನ್ನು ಕಪ್ಪಿನಲ್ಲಿ ಅಚ್ಚು ಮಾಡುವುದರಿಂದ ಕಪ್ಪಂತೂ ಯಾವಾಗಲೂ ಕೈಗೆಟುಕುತ್ತದೆ. ಕಡುನೀಲಿ ಟ್ಯೂಬಾದರೆ ಬಿಳಿಯ ಪಟ್ಟಿಯೂ ನಡೆಯುತ್ತದೆ. ಬಿಳಿಗೆ ಏನು ಅರ್ಥ ಎಂದು ಆ ಸಂದೇಶ ಬರೆದವರು ಹೇಳಿಲ್ಲ ಎನ್ನುವುದನ್ನು ನಾನು ಅವ್ವನ ಗಮನಕ್ಕೆ ತಂದೆ.

ಆದರೆ ಬಣ್ಣ ಯಾವುದಾದರೂ ಆದೀತು ಎಂದು ನಂಬಿ ಒಮ್ಮೆ ನಾನೇ ಪೆಟ್ಟು ತಿಂದಿದ್ದೇನೆ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ರಾತ್ರಿ ಪಾಳಿ, ಹೊಸ ಟ್ಯೂಬುಗಳ ಮೊದಲ ಲೋಡು. ಹಳೆಯ ಟ್ಯೂಬಿನಲ್ಲಿ ಕಡುನೀಲಿಯಿದ್ದ ಪಟ್ಟಿ ಹೊಸದರಲ್ಲಿ ಅಚ್ಚುಕಟ್ಟಾದ ಕೆಂಪಾಗಿತ್ತು. ಬಿಳಿಯ ಮೇಲೆ ಹತ್ತು ಮಾರು ದೂರದಿಂದಲೇ ಕಾಣುವಂತಿತ್ತು. ಯಂತ್ರ ಶುರುಮಾಡಿದರೆ ಟ್ಯೂಬುಗಳು ಬುಗುರಿಯಂತೆ ತಿರುಗುತ್ತಲೇ ಇವೆ, ಒಂದೂ ನಿಲ್ಲುತ್ತಿಲ್ಲ, ಬಂದದ್ದೆಲ್ಲ ಸೊಟ್ಟ. ಸೆನ್ಸರಿನ ಗಾಜು ಒರೆಸಿದೆ, ತಂತಿ ಬಿಚ್ಚಿ ಕಟ್ಟಿದೆ, ಪಟ್ಟಿಯ ಅಗಲ ಅಳೆದೆ. ಎರಡು ಗಂಟೆಯ ಹೊತ್ತಿಗೆ ಬುಟ್ಟಿಯ ತುಂಬ ಸೊಟ್ಟ ಟ್ಯೂಬು, ಮೈತುಂಬ ಪುದೀನಾ ವಾಸನೆ. ಆಗ ಚಹಾ ಮುಗಿಸಿ ಬಂದ ಹಿರಿಯ ಫಿಟರ್ ಕಾಕಾ ಏನನ್ನೂ ಮುಟ್ಟಲಿಲ್ಲ. ಸೆನ್ಸರಿನ ಬೆಳಕಿನ ಕೆಳಗೆ ಅಂಗೈ ಹಿಡಿದು, ಅಲ್ಲಿ ಬಿದ್ದ ಕೆಂಪು ಚುಕ್ಕೆಯನ್ನು ತೋರಿಸಿ ನನ್ನ ಮುಖ ನೋಡಿದರು. ನಮ್ಮ ಸೆನ್ಸರಿನ ಬೆಳಕು ಕೆಂಪು. ಬಿಳಿಯೂ ಕೆಂಪು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಕೆಂಪು ಶಾಯಿಯೂ ಹೆಚ್ಚುಕಡಿಮೆ ಅಷ್ಟನ್ನೇ ಹಿಂದಕ್ಕೆ ಕಳಿಸುತ್ತದೆ. ಕೆಂಪು ಗಾಜಿನ ಕನ್ನಡಕ ಹಾಕಿಕೊಂಡು ಬಿಳಿ ಹಾಳೆಯ ಮೇಲಿನ ಕೆಂಪು ಅಕ್ಷರಗಳನ್ನು ಓದಲು ಕುಳಿತಂತೆ ಯಂತ್ರದ ಸ್ಥಿತಿ. ನನ್ನ ಕಣ್ಣಿಗೆ ಕುಕ್ಕುತ್ತಿದ್ದ ಪಟ್ಟಿ ಅದಕ್ಕೆ ಇಲ್ಲವೇ ಇಲ್ಲ. ಕಾಕಾ ಸ್ಟೋರಿನಿಂದ ಹಸಿರು ಬೆಳಕಿನ ಸೆನ್ಸರನ್ನು ತರಿಸಿ ಕೂರಿಸಿದರು. ಹಸಿರು ಬೆಳಕನ್ನು ಕೆಂಪು ಶಾಯಿ ನುಂಗಿಬಿಡುತ್ತದೆ. ಯಂತ್ರಕ್ಕೆ ಅದು ಇದ್ದಿಲಿನಷ್ಟು ಕಪ್ಪಾಗಿ ಕಾಣುತ್ತದೆ. ಮೊದಲ ಟ್ಯೂಬೇ ಟಕ್ಕೆಂದು ನಿಂತಿತು. ಈಗಿನ ಸೆನ್ಸರುಗಳು ಕೆಂಪು, ಹಸಿರು, ನೀಲಿ ಮೂರೂ ಬೆಳಕನ್ನು ತಾವೇ ಬಿಟ್ಟು, ಯಾವುದರಲ್ಲಿ ಗುರುತು ಚೆನ್ನಾಗಿ ಕಾಣುತ್ತದೆಯೋ ಅದನ್ನು ತಾವೇ ಆರಿಸಿಕೊಳ್ಳುತ್ತವೆ. ಆ ರಾತ್ರಿ ಹಾಳಾದ ಟ್ಯೂಬುಗಳ ಲೆಕ್ಕ ಬರೆದು ಸಹಿ ಹಾಕಿದವನು ಮಾತ್ರ ನಾನೇ.

ಪಟ್ಟಿಯ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಯಾಕೆಂದರೆ ಗುಟ್ಟಿನ ಅನುಮಾನ ಹುಟ್ಟುವುದು ಬಹುಶಃ ಅಲ್ಲಿಂದಲೇ. ಅದು ಯಾವಾಗಲೂ ಒಂಟಿಯಾಗಿರುತ್ತದೆ. ಟ್ಯೂಬಿನ ಮೈಮೇಲೆಲ್ಲ ಅಕ್ಷರ, ಚಿತ್ರ, ನಗುವ ಹಲ್ಲುಗಳು ಕಿಕ್ಕಿರಿದಿದ್ದರೂ ಬುಡದ ಆ ಎತ್ತರದಲ್ಲಿ ಸುತ್ತಲೂ ಒಂದು ಬೆರಳಷ್ಟು ಜಾಗ ಖಾಲಿ. ಟ್ಯೂಬು ತಿರುಗುವಾಗ ಸೆನ್ಸರಿನ ಎದುರು ಬೇರೆ ಯಾವ ಅಕ್ಷರ ಹಾದುಹೋದರೂ ಅದನ್ನೇ ಗುರುತೆಂದು ತಿಳಿದು ಯಂತ್ರ ನಿಂತುಬಿಡುತ್ತದೆ, ಅದಕ್ಕೇ ಈ ಏಕಾಂತ. ವಿವರಣೆಯಿಲ್ಲದೆ, ಹೆಸರಿಲ್ಲದೆ, ಒಂಟಿಯಾಗಿ ನಿಂತ ಬಣ್ಣ ಮನುಷ್ಯನ ಕಣ್ಣಿಗೆ ಸಂಕೇತದಂತೆ ಕಾಣುವುದು ಸಹಜವೇ. ಇಷ್ಟನ್ನೂ ಕೇಳಿದ ಮೇಲೆ ಅವ್ವ ಕೊಟ್ಟ ಹೆಸರು ನಮ್ಮ ಐ-ಮಾರ್ಕಿಗಿಂತ ಚೆನ್ನಾಗಿತ್ತು. “ಅಂದ್ರ ಇದು ದೃಷ್ಟಿಬೊಟ್ಟು. ಕೂಸಿನ ಗಲ್ಲಕ್ಕ ಇಟ್ಟಂಗ. ಮಷೀನಿನ ಕಣ್ಣು ಮೊದಲು ಅದರ ಮ್ಯಾಲೇ ಬೀಳಬೇಕು.”

ಪೇಸ್ಟಿನ ರಟ್ಟಿನ ಡಬ್ಬಿಯನ್ನು ಬಿಚ್ಚಿದರೆ ಒಳಮಡಿಕೆಯಲ್ಲಿ ನಾಲ್ಕೈದು ಬಣ್ಣದ ಚುಕ್ಕೆಗಳ ಸಾಲೂ ಸಿಗುತ್ತದೆ. ಅದು ಮುದ್ರಕರ ಲೆಕ್ಕ: ನೀಲಿ, ಗುಲಾಬಿಗೆಂಪು, ಹಳದಿ, ಕಪ್ಪು ಶಾಯಿಗಳು ಸರಿಯಾದ ಪ್ರಮಾಣದಲ್ಲಿ ಬಿದ್ದಿವೆಯೇ ಎಂದು ನೋಡಿಕೊಳ್ಳುವುದಕ್ಕೆ. ಬಣ್ಣದಲ್ಲಿ ಅಚ್ಚಾಗುವ ದಿನಪತ್ರಿಕೆಯ ಅಂಚಿನಲ್ಲಿಯೂ ಅವೇ ಚುಕ್ಕೆಗಳಿರುತ್ತವೆ, ಮತ್ತು ಅವನ್ನು ನೋಡಿ ಸುದ್ದಿ ನಿಜವೋ ಸುಳ್ಳೋ ಎಂದು ಯಾರೂ ಅಳೆಯುವುದಿಲ್ಲ.

ಹೀಗೆಂದು ಅವ್ವನ ಅನುಮಾನವನ್ನು ಪೂರ್ತಿ ಮೌಢ್ಯವೆಂದು ತಳ್ಳಿಹಾಕುವ ಮನಸ್ಸು ನನಗಿಲ್ಲ. ಬಣ್ಣದಿಂದ ಎಚ್ಚರಿಸುವ ಗುರುತುಗಳು ನಮ್ಮ ದೇಶದಲ್ಲಿ ನಿಜವಾಗಿಯೂ ಇವೆ, ಅವುಗಳಲ್ಲಿ ಒಂದನ್ನು ನನಗೆ ಕಲಿಸಿದವಳು ಅವಳೇ. ಮುಂಡರಗಿ ಕಡೆಯ ನಮ್ಮ ಹೊಲದಲ್ಲಿ ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಎಣ್ಣೆಯ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಸೂರಿಗೆ ಸಿಕ್ಕಿಸಿ, “ಕೆಂಪು ಮೂಲಿ ಇದ್ದ ಡಬ್ಬಿ ಮುಟ್ಟಿದರ ಕೈ ಮುರೀತೀನಿ” ಎನ್ನುತ್ತಿದ್ದಳು. 1971ರ ಕೀಟನಾಶಕ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಮೇಲೂ ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕ ಇರಬೇಕು; ಅದರ ಕೆಳಗಿನ ತ್ರಿಕೋನ ಅತ್ಯಂತ ಹೆಚ್ಚು ವಿಷಕಾರಿಯಾದದ್ದಕ್ಕೆ ಕೆಂಪು, ಅದಕ್ಕಿಂತ ಕಡಿಮೆಯದಕ್ಕೆ ಹಳದಿ, ಆಮೇಲೆ ನೀಲಿ, ಎಲ್ಲಕ್ಕಿಂತ ಕಡಿಮೆಯದಕ್ಕೆ ಹಸಿರು. ಗಮನಿಸಬೇಕಾದ ಸಂಗತಿಯೆಂದರೆ ಇಲ್ಲಿ ಹಸಿರೂ ವಿಷವೇ, ತೀವ್ರತೆ ಕಡಿಮೆ ಅಷ್ಟೆ. ಬಣ್ಣದ ಜೊತೆಗೆ ಮೇಲಿನ ತ್ರಿಕೋನದಲ್ಲಿ ಎಚ್ಚರಿಕೆಯ ಮಾತೂ, ಕೆಂಪಿನದರಲ್ಲಿ ತಲೆಬುರುಡೆಯ ಚಿತ್ರವೂ ಇರುತ್ತವೆ. ಜನರಿಗಾಗಿ ಇಟ್ಟ ಗುರುತು ಹೀಗೆ ಬಾಯಿಬಿಟ್ಟು ಮಾತಾಡುತ್ತದೆ, ಮತ್ತು ಅದು ಕಣ್ಣಿಗೆ ಬೀಳುವ ಜಾಗದಲ್ಲಿರುತ್ತದೆ; ಮಡಚಿ ಕತ್ತರಿಸುವ ಅಂಚಿನಲ್ಲಿ ಯಾರೂ ಅದನ್ನು ಇಡುವುದಿಲ್ಲ.

ತಿನ್ನುವ ಪದಾರ್ಥಗಳ ಮೇಲಿನ ಗುರುತುಗಳೂ ಹೀಗೆಯೇ ಬಂದವು. ಪೊಟ್ಟಣದ ಆಹಾರದ ಮೇಲೆ ಮಾಂಸಾಹಾರಕ್ಕೆ ಕಂದು, ಸಸ್ಯಾಹಾರಕ್ಕೆ ಹಸಿರು ಗುರುತು ಇರಬೇಕೆಂಬ ನಿಯಮ 2001ರಲ್ಲಿ ಆರಂಭವಾಯಿತು. ಬಣ್ಣ ಗುರುತಿಸಲಾಗದವರಿಗೆ ಕಂದು ಚುಕ್ಕೆಯೂ ಹಸಿರು ಚುಕ್ಕೆಯೂ ಒಂದೇ ಥರ ಕಾಣುತ್ತಿದ್ದವು. 2020ರ ನಿಯಮಗಳಲ್ಲಿ ಮಾಂಸಾಹಾರದ ಚುಕ್ಕೆಯನ್ನು ತ್ರಿಕೋನವಾಗಿ ಬದಲಾಯಿಸಿದರು. ಬಣ್ಣವೊಂದನ್ನೇ ನಂಬಿದರೆ ಸಾಲದೆಂದು ಬಣ್ಣದ ಗುರುತು ಮಾಡಿದವರೇ ಒಪ್ಪಿಕೊಂಡಂತಾಯಿತು. ಅದೇ ನಿಯಮಗಳು ದೀಪದ ತುಪ್ಪ, ಪೂಜೆಯ ಎಣ್ಣೆಯಂಥ, ತಿನ್ನುವುದಕ್ಕಲ್ಲದ ವಸ್ತುಗಳಿಗೆ ಕಪ್ಪು ಬಣ್ಣದ ಅಡ್ಡಗೀಟುಗಳ ಗುರುತನ್ನೂ ಕೊಟ್ಟಿವೆ. ನಮ್ಮ ದೇವರ ಕಪಾಟಿನಲ್ಲಿದ್ದ ಎಣ್ಣೆಯ ಬಾಟಲಿಯ ಮೇಲೆ ಅದು ಇತ್ತು, ಮೂರು ವರ್ಷದಿಂದ ಯಾರೂ ನೋಡಿರಲಿಲ್ಲ.

ಗೊಂದಲ ನಿಜವಾಗಿ ಇರುವುದು ಸಾಬೂನು, ಪೇಸ್ಟು, ಕ್ರೀಮುಗಳ ವಿಷಯದಲ್ಲಿ, ಮತ್ತು ಇದರಲ್ಲಿ ತಪ್ಪು ಜನರದಲ್ಲ. ಪ್ರಾಣಿಮೂಲದ ಘಟಕವಿರುವ ಸೌಂದರ್ಯವರ್ಧಕಗಳ ಮೇಲೆ ಗುರುತು ಹಾಕಬೇಕೆಂದು ದೆಹಲಿ ಹೈಕೋರ್ಟು 2002ರಲ್ಲಿ ಹೇಳಿತು. ಆ ತೀರ್ಪನ್ನು ಸುಪ್ರೀಂ ಕೋರ್ಟು 2013ರಲ್ಲಿ ರದ್ದುಪಡಿಸಿತು. ಮರುವರ್ಷವೇ ಕೇಂದ್ರ ಆರೋಗ್ಯ ಸಚಿವಾಲಯ ಸಾಬೂನು, ಶಾಂಪೂ, ಟೂಥ್‌ಪೇಸ್ಟುಗಳ ಮೇಲೆ ಕೆಂಪು ಅಥವಾ ಕಂದು, ಇಲ್ಲವೇ ಹಸಿರು ಚುಕ್ಕೆ ಇರಬೇಕೆಂದು ನಿಯಮಕ್ಕೆ ತಿದ್ದುಪಡಿ ತಂದಿತು. ಇವತ್ತಿಗೂ ಅಂಗಡಿಯ ಕಪಾಟಿನಲ್ಲಿ ಕೆಲವು ಟ್ಯೂಬುಗಳ ಮೇಲೆ ಹಸಿರು ಚುಕ್ಕೆ ಇದೆ, ಕೆಲವುಗಳ ಮೇಲೆ ಇಲ್ಲ. ಒಂದೇ ಟ್ಯೂಬಿನ ಮೇಲೆ ಮುಖದಲ್ಲಿ ಚೌಕದೊಳಗಿನ ಹಸಿರು ಚುಕ್ಕೆ, ಬುಡದಲ್ಲಿ ಕಪ್ಪು ಪಟ್ಟಿ ಇದ್ದಾಗ, ಮೊದಲನೆಯದಕ್ಕೆ ಅರ್ಥವಿದೆ, ಎರಡನೆಯದಕ್ಕಿಲ್ಲ ಎಂದು ಯಾರು ಹೇಳಿಕೊಟ್ಟಿದ್ದಾರೆ? ಶಾಲೆಯ ಪಾಠದಲ್ಲಿ ಇಲ್ಲ, ಜಾಹೀರಾತಿನಲ್ಲಂತೂ ಇಲ್ಲ. ಇನ್ನು ನಾವಿರುವುದು ಡೊಂಬಿವಲಿಯಲ್ಲಿ. 2020ರ ಫೆಬ್ರುವರಿಯಲ್ಲಿ ಇಲ್ಲಿಯ ಎಂಐಡಿಸಿಯ ರಸ್ತೆಯೊಂದು ರಾಸಾಯನಿಕ ಬಿದ್ದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಬಣ್ಣ ಕಂಡಲ್ಲೆಲ್ಲ ಕೆಮಿಕಲ್ ಎಂದು ಹೆದರುವವರನ್ನು ಈ ಊರಿನಲ್ಲಿ ಕುಳಿತು ನಗುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ಆದರೂ ಆ ಸಂದೇಶದಲ್ಲಿ ನನಗೆ ಸಿಟ್ಟು ತರಿಸಿದ್ದು ಬಣ್ಣಗಳ ಸುಳ್ಳಲ್ಲ. ‘ನೈಸರ್ಗಿಕ’ ಒಂದು ಕಡೆ, ‘ರಾಸಾಯನಿಕ’ ಇನ್ನೊಂದು ಕಡೆ ಎಂದು ಜಗತ್ತನ್ನು ಸೀಳಿದ ರೀತಿ. ಪೇಸ್ಟಿನಲ್ಲಿ ಹೆಚ್ಚಿನ ಪಾಲು ಇರುವುದು ಸುಣ್ಣದ ಕಲ್ಲಿನ ವಂಶದ ಕ್ಯಾಲ್ಸಿಯಂ ಕಾರ್ಬೋನೇಟ್ ಅಥವಾ ಮರಳಿನ ವಂಶದ ಸಿಲಿಕಾ, ಒಣಗದಿರಲೆಂದು ಸಾರ್ಬಿಟಾಲ್, ನೀರು. ಆಯುರ್ವೇದದ ಕೆಂಪು ಹಲ್ಲುಪುಡಿಯಲ್ಲಿ ‘ಗೈರಿಕ’ ಎಂದು ಬರೆದಿರುವುದು ನಮ್ಮ ಕಾವಿಮಣ್ಣು, ಅಂದರೆ ಕಬ್ಬಿಣದ ಆಕ್ಸೈಡ್. ಇವುಗಳಲ್ಲಿ ಯಾವುದನ್ನು ಯಾವ ಪಟ್ಟಿಯ ಕೆಳಗೆ ಹಾಕುವುದು? ಇನ್ನು ಅಪ್ಪಟ ನೈಸರ್ಗಿಕವಾದ ಹಲ್ಲುಪುಡಿಯೊಂದು ಮಹಾರಾಷ್ಟ್ರದಲ್ಲಿ ಇದೆ: ಮಿಶ್ರಿ. ನಾನು ಮೊದಲು ಬಾಡಿಗೆಗಿದ್ದ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಹೆಂಗಸರು ತಂಬಾಕಿನ ಎಲೆಯನ್ನು ಕಾವಲಿಯ ಮೇಲೆ ಕಪ್ಪಗೆ ಹುರಿದು, ಅಂಗೈಯಲ್ಲಿ ಪುಡಿಮಾಡಿ, ಬೆರಳಿನಲ್ಲಿ ಒಸಡಿಗೆ ತಿಕ್ಕುತ್ತ ನಲ್ಲಿಯ ಮುಂದೆ ಅರ್ಧ ಗಂಟೆ ಕುಳಿತಿರುತ್ತಿದ್ದರು. ಆ ಘಾಟು ಮೂರನೆಯ ಮಹಡಿಗೂ ಬರುತ್ತಿತ್ತು. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲಿ ನಿಷೇಧಿಸಿತು. ಮನೆಯಲ್ಲೇ ಹುರಿದುಕೊಳ್ಳುವ ಮಿಶ್ರಿಗೆ ಯಾವ ಟ್ಯೂಬೂ ಇಲ್ಲ, ಯಾವ ಪಟ್ಟಿಯೂ ಇಲ್ಲ.

ಆ ಚಾಳಿನಲ್ಲಿ ನನ್ನನ್ನು ಕಂಡವರು ನಾನೂ ಮಿಶ್ರಿಯವನೋ, ಗುಟ್ಕಾದವನೋ ಎಂದುಕೊಂಡಿದ್ದರು. ನನ್ನ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಕಂದು ಗೆರೆಗಳಿವೆ. ರೂಮಿನ ಮಾಲೀಕರು ಬಾಡಿಗೆಯ ಮಾತು ಮುಗಿಸುವ ಮೊದಲು, ಗೋಡೆಗೆ ಉಗುಳಬಾರದು ಎಂದು ಎರಡು ಸಲ ಹೇಳಿದರು. ನಾನು ಇವತ್ತಿನವರೆಗೆ ತಂಬಾಕು ಮುಟ್ಟಿದವನಲ್ಲ. ಆ ಗೆರೆಗಳು ನಮ್ಮೂರಿನ ಕೊಳವೆಬಾವಿಯವು. ಮುಂಡರಗಿ ಸೀಮೆಯ ನೆಲದಡಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಬಂಡೆಯಿಂದ ತಾನಾಗಿಯೇ ಕರಗಿ ಬರುವಂಥದು, ಯಾವ ಕಾರ್ಖಾನೆಯೂ ಬಿಟ್ಟದ್ದಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಒಪ್ಪಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯಬಹುದು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನ ನೀರನ್ನು ಹಲ್ಲು ಇನ್ನೂ ಒಸಡಿನೊಳಗೆ ರೂಪುಗೊಳ್ಳುತ್ತಿರುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ, ಕುಡಿಯುತ್ತ ಬೆಳೆದರೆ ಹಲ್ಲು ಬರುವಾಗಲೇ ಕಲೆ ಹೊತ್ತು ಬರುತ್ತದೆ, ಉಜ್ಜಿದರೆ ಹೋಗುವುದಿಲ್ಲ. ನಮ್ಮ ಓಣಿಯ ಹುಡುಗರೆಲ್ಲರ ಬಾಯಿಯೂ ಹೀಗೆಯೇ ಇದ್ದುದರಿಂದ ಮುಂಬಯಿಗೆ ಬರುವ ತನಕ ಅದು ಕಲೆಯೆಂದೇ ನನಗೆ ಗೊತ್ತಿರಲಿಲ್ಲ.

ಅದೇ ಫ್ಲೋರೈಡು ಟೂಥ್‌ಪೇಸ್ಟಿನಲ್ಲಿ ಹುಳುಕು ತಡೆಯುತ್ತದೆ. ವ್ಯತ್ಯಾಸವಿರುವುದು ಪ್ರಮಾಣದಲ್ಲಿ ಮತ್ತು ನುಂಗುವುದೋ ಉಗುಳುವುದೋ ಎನ್ನುವುದರಲ್ಲಿ. ನಮ್ಮ ನಿಯಮದಂತೆ ಪೇಸ್ಟಿನಲ್ಲಿ ಅದು 1000 ಪಿಪಿಎಂ ಮೀರಬಾರದು, ಮತ್ತು ಎಷ್ಟಿದೆಯೆಂದು ಟ್ಯೂಬಿನ ಮೇಲೆ, ಡಬ್ಬಿಯ ಮೇಲೆ ಬರೆಯಲೇಬೇಕು. 1000 ಪಿಪಿಎಂ ಎಂದರೆ ಒಂದು ಗ್ರಾಂ ಪೇಸ್ಟಿಗೆ ಒಂದು ಮಿಲಿಗ್ರಾಂ. ಘಟಕಗಳನ್ನು ಬರೆಯುವಾಗಲೂ ಒಂದು ಕ್ರಮವಿದೆ: ಶೇಕಡಾ ಒಂದಕ್ಕಿಂತ ಹೆಚ್ಚಿರುವವುಗಳನ್ನು ಹೆಚ್ಚಿನಿಂದ ಕಡಿಮೆಗೆ ಇಳಿಯುವಂತೆ ಬರೆದು, ಉಳಿದವನ್ನು ಆಮೇಲೆ ಬರೆಯಬೇಕು. ಬೇವು, ಲವಂಗ ಎಂದು ಮುಖದ ಮೇಲೆ ಗೇಣುದ್ದದ ಚಿತ್ರವಿದ್ದರೂ ಹಿಂದಿನ ಸಾಲಿನಲ್ಲಿ ಅವು ಎಲ್ಲಿ ಕುಳಿತಿವೆ ಎಂದು ನೋಡಿದರೆ ಚಿತ್ರಕ್ಕೂ ಪೇಸ್ಟಿಗೂ ಎಷ್ಟು ದೂರ ಎಂದು ಗೊತ್ತಾಗುತ್ತದೆ. ನನ್ನ ದೂರು ಇರುವುದು ಇಲ್ಲಿ. ಜನರಿಗಾಗಿಯೇ ಬರೆದ ಈ ಸಾಲುಗಳನ್ನು ಇರುವೆಯ ಕಾಲಿನಂಥ ಅಕ್ಷರಗಳಲ್ಲಿ, ಬೆಳ್ಳಿಬಣ್ಣದ ಮೇಲೆ ಬೂದುಬಣ್ಣದಲ್ಲಿ, ಅದೂ ಇಂಗ್ಲಿಷಿನಲ್ಲಿ ಅಚ್ಚು ಮಾಡುತ್ತಾರೆ. ಯಂತ್ರಕ್ಕೆ ಇಟ್ಟ ಗುರುತಿಗೆ ಸುತ್ತಲೂ ಒಂದು ಬೆರಳು ಖಾಲಿ ಜಾಗ, ಎದ್ದುಕಾಣುವ ಬಣ್ಣ, ಅದರ ಕಣ್ಣಿಗೆ ಹೊಂದುವ ಬೆಳಕು ಇವನ್ನೆಲ್ಲ ಒದಗಿಸುತ್ತೇವೆ. ಎಪ್ಪತ್ತೆಂಟು ವರ್ಷದ ಅವ್ವನ ಕಣ್ಣಿಗೆ ಏನನ್ನೂ ಒದಗಿಸುವುದಿಲ್ಲ. ಓದಲಾಗದವಳು ಬಣ್ಣ ನೋಡಿದಳು.

ನಾನು ಭೂತಗನ್ನಡಿ ತಂದು ದೊಡ್ಡ ಟ್ಯೂಬಿನ ಹಿಂಬದಿಯನ್ನು ಒಂದೊಂದಾಗಿ ಓದಿ, ಕನ್ನಡದಲ್ಲಿ ಹೇಳುತ್ತ ಹೋದೆ. ಫ್ಲೋರೈಡಿನ ಸಾಲು ಬಂದಾಗ ಅವ್ವ ತಡೆದಳು. ಈ ಪದ ಅವಳಿಗೆ ಗೊತ್ತು. ಊರಿಗೆ ಶುದ್ಧ ನೀರಿನ ಘಟಕ ಬಂದಾಗ, ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವುದನ್ನು ಕಲಿಸಲು ಬಂದವರು ಹೇಳಿದ್ದರಂತೆ. ಮೂವತ್ತು ವರ್ಷ ಅವಳು ನೀರು ಹೊತ್ತದ್ದು ಅದಕ್ಕೂ ಮುಂಚಿನ ಬೋರಿನಿಂದ. ಬಾಂಗ್ಲಾದೇಶದಲ್ಲಿ ಆರ್ಸೆನಿಕ್ ವಿಷ ಹೆಚ್ಚಿರುವ ಕೊಳವೆಬಾವಿಗಳ ಬಾಯಿಗೆ ಕೆಂಪು, ಕುಡಿಯಬಹುದಾದವಕ್ಕೆ ಹಸಿರು ಬಣ್ಣ ಬಳಿದರು ಎಂದು ಹೇಳಿದೆ. ಅವ್ವ ಟ್ಯೂಬನ್ನು ಕೆಳಗಿಟ್ಟಳು.

“ನಮ್ಮ ಬೋರಿಗೆ ಯಾರೂ ಬಣ್ಣ ಬಳೀಲಿಲ್ಲಲ್ಲಪಾ” ಎಂದಳು. “ಬಳಿದಿದ್ರ ಕೆರಿಗೆ ಹೋಗ್ತಿದ್ದೆ. ಎರಡು ಮೈಲಿ ಆಗಿದ್ರೂ ಹೋಗ್ತಿದ್ದೆ.”

ನಾನು ಏನೂ ಹೇಳಲಿಲ್ಲ. ಅಷ್ಟರಲ್ಲಿ ಮೊಮ್ಮಗಳು ಎದ್ದು ಬ್ರಷ್ ಹಿಡಿದುಕೊಂಡು ಬಂದು ಏಳು ಟ್ಯೂಬುಗಳ ಮುಂದೆ ಕುಳಿತಳು. ಮೂರು ವರ್ಷ ದಾಟಿದ ಮಕ್ಕಳಿಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕೆಂದು ದಂತವೈದ್ಯರು ಹೇಳುತ್ತಾರೆ ಎಂದೆ. ಅವ್ವ ಕೂಸಿನ ಟ್ಯೂಬಿನ ಮುಚ್ಚಳ ತೆಗೆದು, ಬಟಾಣಿಯನ್ನೂ ನಂಬದೆ ಕಡಲೆಬೇಳೆಯಷ್ಟನ್ನು ಬ್ರಷ್ಷಿನ ತುದಿಗೆ ಹಚ್ಚಿ, “ನುಂಗಬ್ಯಾಡ, ಉಗುಳು” ಎಂದು ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋದಳು.